ಜಂಬಮ್ಮನಿಗೊಂದು ಸೀಟು

ಎರ್ರಣ್ಣ ಮನೆಗೆ ಸುಣ್ಣ ಬಳಿಯುತ್ತಿದ್ದ. ಹಬ್ಬವೇನೂ ಹತ್ತಿರವಿರಲಿಲ್ಲ. ಅಂಗಳದಲ್ಲಿ ಅವನ ಹೆಂಡತಿ ಮೂಕಮ್ಮ ಅರಿಶಿನದ ಕೊಂಬು ಕುಟ್ಟುತ್ತಿದ್ದಳು. ಮೇಷ್ಟ್ರನ್ನು ಕಂಡದ್ದೇ ಒರಳಿನ ಮೇಲೆ ಸೆರಗು ಎಳೆದಳು. ಬಾದನಹಟ್ಟಿ ಶಾಲೆಯ ಮೇಷ್ಟ್ರು ಚಿದಾನಂದಪ್ಪನವರು ಅಂಗಳದಲ್ಲೇ ನಿಂತುಬಿಟ್ಟರು. ಹುಡುಗಿಯ ಮದುವೆ ಮಾಡುತ್ತಿದ್ದಾರೆ, ಅನುಮಾನವೇ ಇಲ್ಲ.

ಹುಡುಗಿ ಎಂದರೆ ಜಂಬಮ್ಮ, ಎರ್ರಣ್ಣನ ಒಬ್ಬಳೇ ಮಗಳು. ಹದಿಮೂರರ ಪೋರಿ. ಕಪಿಲೆ ಬಾವಿಯಲ್ಲಿ ನೀರೆತ್ತುವಾಗ ಎತ್ತುಗಳನ್ನು ಇಳಿಜಾರಿಗೇ ಏಕೆ ಇಳಿಸುತ್ತಾರೆ, ಸಮನೆಲದಲ್ಲಿ ಎಳೆದರೆ ಅವು ಎಷ್ಟು ಹೆಚ್ಚು ದಣಿಯುತ್ತವೆ ಎಂದು ಒಮ್ಮೆ ಕೇಳಿದ್ದಳು. ಮೇಷ್ಟ್ರು ತಲೆ ಕೆರೆದುಕೊಳ್ಳುವಷ್ಟರಲ್ಲಿ ಲೆಕ್ಕ ಮಾಡಿದ ಹಲಗೆ ಹಿಡಿದು ಮತ್ತೆ ಎದುರಿಗೆ ನಿಂತಿದ್ದಳು. ಇಂಥದೊಂದು ಮಗುವಿಗೆ ಪಾಠ ಹೇಳಲೆಂದೇ ತಾವು ಮೇಷ್ಟ್ರಾದದ್ದು ಎಂದು ಅವರಿಗೆ ಅಂದು ಅನ್ನಿಸಿತ್ತು.

ಅದು ನಲವತ್ತೊಂಬತ್ತನೆಯ ಇಸವಿ. ಬಳ್ಳಾರಿಯ ದಂಡಿನ ಪ್ರದೇಶದಲ್ಲಿ, ಯುದ್ಧಕೈದಿಗಳು ಖಾಲಿ ಮಾಡಿದ್ದ ಬ್ಯಾರಕ್ಕಿನಲ್ಲಿ, ಒಂದು ಹೊಸ ಹೈಸ್ಕೂಲು ತೆರೆದಿತ್ತು. ಗಣಿತ, ವಿಜ್ಞಾನಗಳಲ್ಲಿ ಅಸಾಮಾನ್ಯ ಬುದ್ಧಿಯುಳ್ಳ ಮಕ್ಕಳಿಗೆ ಮಾತ್ರ ಅಲ್ಲಿ ಪ್ರವೇಶ. ಸಿರುಗುಪ್ಪದ ಸಾಹುಕಾರರ ಮಕ್ಕಳನ್ನೂ ಬಳ್ಳಾರಿಯ ವಕೀಲರ ಮಕ್ಕಳನ್ನೂ ಹಿಂದೆ ಹಾಕಿ ಜಂಬಮ್ಮ ಪ್ರವೇಶ ಪರೀಕ್ಷೆಯಲ್ಲಿ ಮೊದಲಿಗಳಾದಳು. ಆಗ ಹೆಡ್ಮಾಸ್ತರರಿಗೆ ನೆನಪಾಯಿತು, ಇದು ಗಂಡುಹುಡುಗರ ಶಾಲೆ ಎಂದು. ಹುಡುಗಿಯೊಬ್ಬಳು ಬಂದಾಳೆಂದು ಯಾರೂ ಎಣಿಸಿರಲಿಲ್ಲ. ಆ ನಿಯಮ ಹುಟ್ಟಿದ್ದೇ ಅವಳು ಗೆದ್ದ ಮೇಲೆ.

ಮೇಷ್ಟ್ರು ಈ ಸುದ್ದಿಯನ್ನು ಎರ್ರಣ್ಣನ ಮನೆಯ ಕಟ್ಟೆಯ ಮೇಲೆ ಕೂತು ಹೇಳಿದ್ದರು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದೆಲ್ಲ ಅಂದರು: ಇವಳೊಬ್ಬ ಗಂಡುಮಗನಾಗಿದ್ದರೆ ಮೆರವಣಿಗೆ ಮಾಡಿ ಕರೆದೊಯ್ಯುತ್ತಿದ್ದರು. ಎರ್ರಣ್ಣ ಬೀಡಿ ಆರಿಸಿ ಕೇಳಿಸಿಕೊಂಡ. ಒಳಗೆ ಜಂಬಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. ಮಗಳು ಅತ್ತರೆ ಎರ್ರಣ್ಣನಿಗೆ ಕೈಕಾಲೇ ಆಡುತ್ತಿರಲಿಲ್ಲ.

ಇದೆಲ್ಲ ಆಗಿ ಇನ್ನೂ ತಿಂಗಳು ತುಂಬಿಲ್ಲ. ಈಗ ಸುಣ್ಣ, ಅರಿಶಿನ. ಮನೆಯಲ್ಲಿ ಏನಾದರೂ ಕಾರ್ಯವಿದೆಯೇ ಎಂದು ಮೇಷ್ಟ್ರು ಕೇಳಿದರು. ಎರ್ರಣ್ಣ ಬೀದಿಯ ಆಚೆಈಚೆ ನೋಡಿ ದನಿ ತಗ್ಗಿಸಿದ.

"ಐತ್ರಿ. ಹುಣ್ಣಿವಿ ದಿನ. ಯಾರ ಮುಂದೂ ಅನ್ನಬ್ಯಾಡ್ರಿ ಮೇಷ್ಟ್ರೆ, ಸರಕಾರದ ಕಾಯ್ದಿ ಬಂದೈತಿ."

ಯಾವ ಕಾಯ್ದೆ ಎಂದು ಮೇಷ್ಟ್ರು ಕೇಳಲಿಲ್ಲ. ಎಳೆಯ ಹುಡುಗಿಯರ ಮದುವೆ ಮಾಡಿದವರನ್ನು ಹಿಡಿಯುವ ಕಾಯ್ದೆ ಅವರಿಗೆ ಗೊತ್ತಿಲ್ಲದ್ದೇ? ಗಂಡು ಯಾವೂರಿನವನು ಎಂದದ್ದಕ್ಕೆ ಎರ್ರಣ್ಣ, ಮಗಳು ಎಲ್ಲಿಗೂ ಹೋಗುವುದಿಲ್ಲ, ಕೊನೆತನಕ ಈ ಮನೆಯವಳೇ ಎಂದ. ಸರಿ, ಮನೆಅಳಿಯನನ್ನು ಗೊತ್ತುಮಾಡಿಕೊಂಡಿದ್ದಾನೆ ಎಂದುಕೊಂಡು ಮೇಷ್ಟ್ರು ಇನ್ನಷ್ಟು ಉರಿದುಹೋದರು.

ಜಂಬಮ್ಮ ನಗುತ್ತ ಹೊರಗೆ ಬಂದಳು. ಅಪ್ಪ ಎಲ್ಲ ಸರಿಮಾಡುತ್ತಾನಂತೆ ಎಂದಳು. ಹೊಸ ಸೀರೆಯ ಆಸೆಗೆ ಹುಡುಗಿಯೂ ಓದು ಮರೆತಳಲ್ಲ ಎಂದು ಮೇಷ್ಟ್ರಿಗೆ ಹೇಳಲಾರದಷ್ಟು ದುಃಖವಾಯಿತು.

ಅವರು ಅಂದೇ ಬಳ್ಳಾರಿಯ ಬಸ್ಸು ಹತ್ತಿದರು. ಹೆಡ್ಮಾಸ್ತರರ ಮನೆಯ ಜಗಲಿಯಲ್ಲಿ ಠಿಕಾಣಿ ಹೂಡಿದರು. ಬೈದರೂ ಏಳಲಿಲ್ಲ. ಶಾಲೆಯ ಸಮಿತಿಯವರ ಮನೆಮನೆಗೆ ಹೋಗಿ, ಹಲಗೆಯ ಮೇಲಿನ ಆ ಲೆಕ್ಕವನ್ನು ಬಿಡಿಸಿ ತೋರಿಸಿ ಕೈಮುಗಿದರು. ಮೇಷ್ಟ್ರಿಗೆ ಹುಚ್ಚು ಹಿಡಿದಿದೆ ಎಂದು ಕೆಲವರು ನಕ್ಕರು. ಹುಣ್ಣಿಮೆಯ ಹಿಂದಿನ ಸಂಜೆ ಸಮಿತಿ ಸೋತಿತು. ಜಂಬಮ್ಮ ಪಾರ್ವತಿನಗರದಲ್ಲಿ ಒಬ್ಬ ಅಧ್ಯಾಪಕರ ಮನೆಯಲ್ಲಿದ್ದುಕೊಂಡು ಓದಬಹುದು. ಒಂದೇ ಷರತ್ತು: ಮದುವೆಯಾದ ಹುಡುಗಿಯನ್ನು ಸೇರಿಸಿಕೊಳ್ಳುವುದಿಲ್ಲ. ಆಗಿಲ್ಲ, ಆಗಗೊಡುವುದೂ ಇಲ್ಲ ಎಂದು ಮೇಷ್ಟ್ರು ಮಾತು ಕೊಟ್ಟರು.

ಮರುದಿನ ಬಸ್ಸು ಕುರುಗೋಡಿನಲ್ಲಿ ಕೆಟ್ಟು ನಿಂತಿತು. ಮೇಷ್ಟ್ರು ಚಪ್ಪಲಿ ಕೈಯಲ್ಲಿ ಹಿಡಿದು ಹೊಲದ ದಾರಿಯಲ್ಲಿ ಓಡಿದರು. ಬಾದನಹಟ್ಟಿ ತಲುಪುವಾಗ ಬಿಸಿಲು ನೆತ್ತಿಗೇರಿತ್ತು. ಓಲಗವಿಲ್ಲ. ಚಪ್ಪರವಿಲ್ಲ. ಗಂಡಿನ ಕಡೆಯ ಬಂಡಿ ಒಂದೂ ಇಲ್ಲ. ಸದ್ಯ, ಮದುವೆ ಆಗಿಲ್ಲ. ಅವರಿಗೆ ಹೋದ ಜೀವ ಬಂದಂತಾಯಿತು.

ಜಂಬಮ್ಮ ಕಟ್ಟೆಯ ಮೇಲೆ ತಗಡಿನ ಪೆಟ್ಟಿಗೆ ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು. ಹೊಸ ಸೀರೆ, ಮುಖದ ತುಂಬ ಅರಿಶಿನ. ಮೇಷ್ಟ್ರು ಮೊದಲು ಅವಳ ಕೊರಳು ನೋಡಿದರು. ತಾಳಿ ಇರಲಿಲ್ಲ, ಕೆಂಪು, ಬಿಳಿ ಮಣಿಗಳ ಸರವೊಂದಿತ್ತು, ಅಷ್ಟೆ. ಏದುಸಿರು ಬಿಡುತ್ತ ಎರ್ರಣ್ಣನ ಎರಡೂ ಕೈ ಹಿಡಿದುಕೊಂಡರು.

"ಹುಡುಗೀನೂ ತಗೊಳ್ಳಾಕ ಒಪ್ಪ್ಯಾರ, ಎರ್ರಣ್ಣ. ಮದುವಿ ಒಂದು ಆಗಿರಬಾರದು."

ಎರ್ರಣ್ಣನ ಮುಖ ಅರಳಿತು.

"ಮದುವಿ ಎಲ್ಲೀದ್ರಿ, ಆಕಿಗೆ ಈ ಜನ್ಮದಾಗ ಮದುವಿನ ಇಲ್ಲ, ಗಂಡುಮಕ್ಕಳಿಲ್ಲದ ಮನ್ಯಾಗ ಬಸವಿ ಬಿಟ್ಟಾಕೀನ ಗಂಡುಮಗ ಅಲ್ಲೇನ್ರಿ, ಅದಕ್ಕ ಮುಂಜಾನಿ ಗುಡಿಯಾಗ ಮುತ್ತು ಕಟ್ಟಿಸಿ ದೇವರಿಗೆ ಬಿಟ್ಟೀವಿ, ಇನ್ನ ಸಾಲಿಗೆ ಕರಕೊಂಡು ಹೋಗ್ರಿ."