ಮುಖ ಕೊಟ್ಟು ಮಾತಾಡು

ಮ್ಯಾನೇಜರ್ ತಿಪ್ಪೇಶನ ಗದ್ದ ಹಿಡಿದು ಮುಖವನ್ನು ಮೇಲಕ್ಕೆತ್ತಿದ. ಗಾರ್ಮೆಂಟ್ಸಿನ ಇಡೀ ಲೈನು ಹೊಲಿಗೆ ನಿಲ್ಲಿಸಿ ಸುತ್ತ ನಿಂತಿತ್ತು.

"ಕೆಲಸ ಖಾಯಂ ಆಗ್ಬೇಕಂದ್ರೆ ಮುಖ ಕೊಟ್ಟು ಮಾತಾಡೋದು ಕಲಿ. ನೋಡೋ ನನ್ನ ಕಣ್ಣು."

"ಆಗಲ್ಲ ಸಾರ್. ನನಗೆ ಆಟಿಸಂ ಇದೆ. ಸೇರುವಾಗ್ಲೇ ಹೇಳಿದ್ದೆ."

ಮ್ಯಾನೇಜರ್ ಕೆನ್ನೆಗೆ ಬಾರಿಸಿದ. ಕನ್ನಡಕ ಹಾರಿ ಮಿಷನ್ನಿಗೆ ಬಡಿದು ಚೂರಾಯಿತು.

"ಹೇಳಿಬಿಟ್ರೆ ಮುಗೀತಾ? ಮನುಷ್ಯರ ಜೊತೆ ಹೇಗಿರಬೇಕು ಅಂತ ಇವರನ್ನ ನೋಡಿ ಕಲಿಯೋ, ದಡ್ಡ ನನ್ಮಗನೆ."

ಇನ್ನೊಂದು ಏಟಿಗೆ ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ತಿಪ್ಪೇಶ ಸುತ್ತ ನಿಂತವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಎಲ್ಲರೂ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು.

"ಇವರ್ಯಾರೂ ನಿಮ್ಮ ಕಣ್ಣು ನೋಡ್ತಿಲ್ವಲ್ಲ ಸಾರ್," ಎಂದ ತಿಪ್ಪೇಶ. "ಇವರಿಗೆಲ್ಲ ಆಟಿಸಂ ಇದೆಯಾ?"