ಮುಂದಾಳು ಟಗರಿನ ಗಂಟೆ

"ಈ ಮರೀನ ಎರಡು ಸಲ ಒಯ್ದರು, ಎರಡು ಸಲವೂ ತಂದು ಬಿಸಾಕಿ ಹೋದರು. ನೀನೂ ವಾರದೊಳಗೆ ವಾಪಸ್ ತರ್ತೀಯ, ಮಾನೋಲಜ್ಜ!" ಪ್ರಾಣಿಗಳ ಆಶ್ರಯಧಾಮ ನೋಡಿಕೊಳ್ಳುವ ರುಮೆನಾ ಕುರುಡು ಬೆಕ್ಕಿನಮರಿಯನ್ನು ಎದೆಗವಚಿಕೊಂಡು ಕೂಗಿದಳು.

"ನಾಲಿಗೆ ಬಿಗಿ ಹಿಡಿಯೇ ಹುಡುಗಿ! ನಲವತ್ತು ವರ್ಷ ರೊಡೋಪಿ ಬೆಟ್ಟದಲ್ಲಿ ಕುರಿ ಕಾಯ್ದೋನು ನಾನು."

"ಕುರಿಗೆ ಕಣ್ಣಿತ್ತು. ಇದು ನಿನ್ನ ಒಲೆಗೆ ಬಿದ್ದು ಸಾಯ್ತದೆ."

ಮುದುಕ ಜೇಬಿನಿಂದ ಹಿತ್ತಾಳೆಯ ಗಂಟೆ ತೆಗೆದ. ಮಾರಿಹೋದ ಮಂದೆಯ ಮುಂದಾಳು ಟಗರಿನ ಕೊರಳಲ್ಲಿದ್ದದ್ದು ಅದು. "ಅಷ್ಟು ಭಾರದ್ದು ಕಟ್ಟಿದರೆ ಮರಿ ಕತ್ತು ಮುರಿದೀತು!" ರುಮೆನಾ ಹಿಂದೆ ಸರಿದಳು.

"ಕಣ್ಣಿಲ್ಲದ ಮರಿಗೆ ಯಾವ ಕುರುಬ ಗಂಟೆ ಕಟ್ತಾನೆ, ಪೆದ್ದಿ? ಮುಂದೆ ನಡೆಯೋನಿಗೆ ಕಟ್ಟೋದು" ಎಂದವನೇ ಮಾನೋಲ್ ಅದನ್ನು ತನ್ನ ಸೊಂಟಕ್ಕೇ ಬಿಗಿದುಕೊಂಡು ನಾಲ್ಕು ಹೆಜ್ಜೆ ಹಾಕಿದ. ಆ ಸದ್ದಿಗೆ ರುಮೆನಾಳ ಕೈ ಸಡಿಲವಾಯಿತು. ಅವಳು ಚಿಕ್ಕವಳಿದ್ದಾಗ ಸಂಜೆ ಹೊತ್ತು ಇದೇ ಸದ್ದು ಊರ ಬೀದಿಗೆ ಇಳಿದು ಬರುತ್ತಿತ್ತು, ಅವಳ ಅಜ್ಜಿ ಹಾಲಿನ ತಂಬಿಗೆ ಹಿಡಿದು ಹಟ್ಟಿಯ ಬಾಗಿಲು ತೆರೆಯುತ್ತಿದ್ದಳು. ಮರಿ ನೆಲಕ್ಕಿಳಿದು, ಕಿವಿ ನಿಮಿರಿಸಿ, ಗಂಟೆಯ ಹಿಂದೆ ನೆಟ್ಟಗೆ ನಡೆಯಿತು.

ಮಾನೋಲ್ ಅದನ್ನೆತ್ತಿ ಅಂಗಿಯೊಳಗಿಟ್ಟುಕೊಂಡು ಮೆಟ್ಟಿಲಿಳಿದ. ರುಮೆನಾ ಮರಿಯಿದ್ದ ಗೂಡನ್ನು ಒಂದು ವಾರ ಖಾಲಿ ಇಟ್ಟು ಕಾದಳು. ಅವನು ಮರಿಯನ್ನು ವಾಪಸ್ ತರಲೇ ಇಲ್ಲ.