ಅಪ್ಪನ ರೈಫಲ್

ಕೊಡಗಿನ ನಮ್ಮ ಮನೆಗಳಲ್ಲಿ ಸಾವಾದರೆ ಅಂಗಳದಿಂದ ಎರಡು ಗುಂಡು ಹಾರಿಸುತ್ತಾರೆ. ಅಪ್ಪ ಯುದ್ಧದಲ್ಲಿ ಕಾಣೆಯಾದರೆಂದು ಜೊತೆಗಾರನೊಬ್ಬ ಬಂದು ಹೇಳಿಹೋದಾಗ ಅವ್ವ ಅದಕ್ಕೆ ಬಿಡಲಿಲ್ಲ.

"ಹೆಣ ಬರಲಿಲ್ಲ. ಅವರ ರೈಫಲ್ಲಾದರೂ ಬರಲಿ, ಆಮೇಲೆ ಹಾರಿಸಿ" ಎಂದಳು.

ಅದಕ್ಕೇ ನಾನು ದೊಡ್ಡವನಾದ ಮೇಲೆ, ಸೇನೆ ಬೇಡವೆಂದು ಮಾರುವ ಹಳೆಯ ರೈಫಲ್ಲು, ತೋಟಾಗಳನ್ನು ಕೂಡಿಹಾಕತೊಡಗಿದೆ. ಅಪ್ಪನ ರೈಫಲ್ಲಿನ ನಂಬರು ಅವ್ವನಿಗೆ ಬಾಯಿಪಾಠ. ಪ್ರತಿ ಸಲ ನಾನು ನಂಬರು ಓದುತ್ತಿದ್ದೆ, ಅವಳು ಅಲ್ಲವೆಂದು ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು.

"ನಿನ್ನ ಮನೆಯಿಂದಲೇ ಒಂದು ದಂಡು ಹೊರಡಿಸಬಹುದು ಮಾರಾಯ" ಎಂದು ನಗುತ್ತಲೇ, ಸೇನೆಯಿಂದ ನಿವೃತ್ತನಾದ ಸೋದರಮಾವ ಇವತ್ತು ಇನ್ನೊಂದು ತಂದ. ನಂಬರು ಓದಿದೆ. ಅವ್ವ ಒಳಗೆ ಹೋಗಲಿಲ್ಲ.

ಮಾವ ರೈಫಲ್ಲನ್ನು ಕಿತ್ತುಕೊಂಡು ಮರದ ಹಿಡಿಯನ್ನು ಬೆಳಕಿಗೆ ತಿರುಗಿಸಿದ. ಅವನ ನಗು ನಿಂತಿತು.

"ಅಕ್ಕ, ಇದು ರಣರಂಗದಲ್ಲಿ ಸಿಕ್ಕಿದ್ದಲ್ಲ. ಉಗ್ರಾಣದ ಮುದ್ರೆ ಇದೆ, ಯುದ್ಧ ಮುಗಿದ ಮರುವರ್ಷದ್ದು. ಸಿಪಾಯಿ ಕೆಲಸ ಬಿಡುವಾಗ ತಾನೇ ಒಪ್ಪಿಸಿದರೆ ಮಾತ್ರ ಈ ಮುದ್ರೆ ಬೀಳೋದು."

"ಹಾಗಾದರೆ ಅಪ್ಪ ಬದುಕಿ ಬಂದಿದ್ದರು!" ನಾನು ಕೂಗಿದೆ. "ಈಗಲೂ ಎಲ್ಲೋ ಇರಬಹುದು ಅವ್ವಾ!"

ಅವ್ವ ಮಾವನ ಕೈಯಿಂದ ರೈಫಲ್ಲನ್ನು ತೆಗೆದುಕೊಂಡಳು.

"ಇರಲಿ" ಎಂದಳು. "ತೋಟಾ ಕೊಡು."

ಅಂಗಳಕ್ಕಿಳಿದು ತಾನೇ ಎರಡು ಗುಂಡು ಹಾರಿಸಿದಳು.